ಜೇನಿನ ಸತ್ವ ಸಕ್ಕರೆ ಕಾಯಿಲೆಯ ಉರಿಯೂತ ತಗ್ಗಿಸುತ್ತಾ? ನಮ್ಮ ಬಾಟಲಿ ಮೇಲೆ ಏನು ಬರೆಯೋಣ?

ಗುಡ್ಡೇತೋಟ, ತೀರ್ಥಹಳ್ಳಿ ಕಡೆ

ನಮ್ಮ ಸುತ್ತಿನ ಕೆಲವು ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು) ಸಾಕುವವರು ಸೇರಿ ಈ ಸಲದ ಜೇನುತುಪ್ಪಕ್ಕೆ ಒಂದೇ ಹೆಸರಿನ ಬಾಟಲಿ ಮಾಡುತ್ತಿದ್ದೇವೆ. ಲೇಬಲ್ ಪ್ರಿಂಟಿಗೆ ಹೋಗಬೇಕು. ಗುಂಪಿನಲ್ಲಿ ಒಂದು ವಿಷಯಕ್ಕೆ ಒಮ್ಮತ ಆಗಿಲ್ಲ. "ಉರಿಯೂತ ತಗ್ಗಿಸುತ್ತದೆ, ಸಕ್ಕರೆ ಕಾಯಿಲೆಯವರಿಗೂ ಒಳ್ಳೆಯದು" ಎಂದು ಹಾಕಿದರೆ ಮಾರಾಟ ಚೆನ್ನಾಗಿ ಆಗುತ್ತದೆ ಅನ್ನುವವರು ಕೆಲವರು. ಬೇಡ ಅನ್ನುವವರು ಕೆಲವರು.

ಫೋನಿಗೆ ಬರುವ ಸುದ್ದಿಗಳಲ್ಲಿ ಕ್ರೈಸಿನ್, ಕ್ವೆರ್ಸೆಟಿನ್, ಗ್ಯಾಲಿಕ್ ಆಮ್ಲ ಅಂತೆಲ್ಲ ಹೆಸರು ಇರುತ್ತವೆ. ಇವು ಜೇನಿನಲ್ಲಿ ನಿಜವಾಗಿ ಇವೆಯಾ? ಇದ್ದರೆ ಶುಗರ್ ಇರುವವರಿಗೆ ಕೆಲಸ ಮಾಡುತ್ತವಾ? ಸಂತೆಯಲ್ಲಿ ಬಾಟಲಿ ಇಟ್ಟುಕೊಂಡು ಕೂತರೆ ಮೊದಲು ಬರುವ ಪ್ರಶ್ನೆಯೇ ಇದು. ನಮ್ಮ ಮನೆಯಲ್ಲಿ ಅಪ್ಪನಿಗೂ ಶುಗರ್ ಇದೆ. ಹಾಗಾಗಿ ನನಗೆ ಮಾರಾಟದ ಉತ್ತರ ಬೇಡ, ಸರಿಯಾದ ಉತ್ತರ ಬೇಕು. ಗೊತ್ತಿರುವವರು ಬಿಡಿಸಿ ಹೇಳಿ.

ತುಂಗಾತೀರ, ಶಿವಮೊಗ್ಗ

ನಾನು ಬಯೋಕೆಮಿಸ್ಟ್ರಿ ಪಾಠ ಮಾಡುವವನು. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಆ ಹೆಸರುಗಳು ಸುಳ್ಳಲ್ಲ. ಕ್ರೈಸಿನ್, ಪಿನೊಸೆಂಬ್ರಿನ್, ಕ್ವೆರ್ಸೆಟಿನ್, ಕೆಂಫೆರಾಲ್, ಲೂಟಿಯೊಲಿನ್ ಇವೆಲ್ಲ ಫ್ಲೇವನಾಯ್ಡ್ ಗುಂಪಿನವು. ಗ್ಯಾಲಿಕ್, ಕೆಫೀಕ್, ಫೆರುಲಿಕ್, ಕೌಮಾರಿಕ್ ಆಮ್ಲಗಳದು ಇನ್ನೊಂದು ಗುಂಪು. ಎಲ್ಲ ಸೇರಿ ಪಾಲಿಫಿನಾಲ್. ಮಕರಂದ, ಪರಾಗ, ಮರದ ಅಂಟು ಇವುಗಳ ಮೂಲಕ ಜೇನಿಗೆ ಬರುತ್ತವೆ. ಆದ್ದರಿಂದ ಹೂವು ಬದಲಾದರೆ ಪ್ರಮಾಣವೂ ಬದಲಾಗುತ್ತದೆ. ಬಣ್ಣ ಕಪ್ಪಾದಷ್ಟೂ ಸಾಮಾನ್ಯವಾಗಿ ಜಾಸ್ತಿ.

ಈಗ ಉರಿಯೂತದ ವಿಷಯ. ಮುಳ್ಳು ಚುಚ್ಚಿದ ಜಾಗ ಕೆಂಪಾಗಿ ಊದುತ್ತದಲ್ಲ, ಅದು ನಮಗೆ ಕಾಣುವ ಉರಿಯೂತ. ಎರಡನೇ ವಿಧದ ಸಕ್ಕರೆ ಕಾಯಿಲೆಯಲ್ಲಿ ಇರುವುದು ಕಣ್ಣಿಗೆ ಕಾಣದ್ದು, ನೋವೂ ಕೊಡದ್ದು, ವರ್ಷಗಟ್ಟಲೆ ಎಳೆಯುವಂಥದ್ದು. ಹೊಟ್ಟೆಯೊಳಗೆ ಕೊಬ್ಬು ತುಂಬಿದಾಗ ಅಲ್ಲಿಗೆ ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳು ಬಂದು ಸೇರುತ್ತವೆ. ಅವು ಟಿಎನ್‌ಎಫ್ ಆಲ್ಫಾ, ಇಂಟರ್‌ಲ್ಯೂಕಿನ್ 6, ಇಂಟರ್‌ಲ್ಯೂಕಿನ್ 1 ಬೀಟಾ ಎಂಬ ಪ್ರೋಟೀನುಗಳನ್ನು ಹೊರಗೆ ಬಿಡುತ್ತವೆ. ಇವು ಜಾಸ್ತಿಯಾದರೆ ಇನ್ಸುಲಿನ್ ಕೊಡುವ ಸಂದೇಶ ಜೀವಕೋಶದ ಒಳಗೆ ಸರಿಯಾಗಿ ದಾಟುವುದಿಲ್ಲ. 1993ರಲ್ಲಿ ಅಮೆರಿಕದಲ್ಲಿ ಗೋಖಾನ್ ಹೊತಾಮಿಸ್ಲಿಗಿಲ್ ಮತ್ತು ಬ್ರೂಸ್ ಸ್ಪೀಗಲ್‌ಮನ್ ತಂಡ ಬೊಜ್ಜು ಬಂದ ಇಲಿಗಳ ಕೊಬ್ಬಿನಲ್ಲಿ ಟಿಎನ್‌ಎಫ್ ಆಲ್ಫಾ ಹೆಚ್ಚಿರುವುದನ್ನು ತೋರಿಸಿತು. ಅದನ್ನು ತಡೆದಾಗ ಇನ್ಸುಲಿನ್ ಕೆಲಸ ಸುಧಾರಿಸಿತು. ಉರಿಯೂತಕ್ಕೂ ಸಕ್ಕರೆ ಕಾಯಿಲೆಗೂ ನಂಟಿದೆ ಎಂಬ ಮಾತಿಗೆ ಬಲ ಬಂದದ್ದು ಅಲ್ಲಿಂದ.

ಇದರ ಜೊತೆಗೆ ಇನ್ನೊಂದು ಸುತ್ತು ಇದೆ. ರಕ್ತದಲ್ಲಿ ಸಕ್ಕರೆ ಏರಿಯೇ ಇದ್ದರೆ ಅದು ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ. ಹಾಗೆ ಹುಟ್ಟುವ ವಸ್ತುಗಳು ರಕ್ತನಾಳದ ಒಳಗೋಡೆಯನ್ನು ಕೆರಳಿಸಿ ಮತ್ತೆ ಉರಿಯೂತ ಎಬ್ಬಿಸುತ್ತವೆ. ಕಣ್ಣು, ಕಿಡ್ನಿ, ಕಾಲಿನ ನರ ಹಾಳಾಗುವುದರಲ್ಲಿ ಇದರ ಪಾಲು ದೊಡ್ಡದು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಜೀವಕೋಶದ ಒಳಗೆ ಉರಿಯೂತ ಶುರು ಮಾಡುವ ಒಂದು ಮುಖ್ಯ ಸ್ವಿಚ್ ಇದೆ. ಎನ್‌ಎಫ್ ಕಪ್ಪಾ ಬಿ ಅಂತ ಹೆಸರು. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಗೆ ಕ್ರೈಸಿನ್ ಅಥವಾ ಕ್ವೆರ್ಸೆಟಿನ್ ಹಾಕಿದರೆ ಆ ಸ್ವಿಚ್ ತಗ್ಗುತ್ತದೆ. ಟಿಎನ್‌ಎಫ್ ಆಲ್ಫಾ ಕಡಿಮೆ ಬರುತ್ತದೆ. ಇದು ಬೇರೆ ಬೇರೆ ಕಡೆ ಮತ್ತೆ ಮತ್ತೆ ಕಂಡ ಫಲಿತಾಂಶ. ಇಲಿಗಳಲ್ಲೂ ಒಳ್ಳೆಯ ಸುದ್ದಿ ಇದೆ. ಮಲೇಷ್ಯಾದಲ್ಲಿ ಎರೆಜುವಾ ಮತ್ತು ಜೊತೆಗಾರರು ಸಕ್ಕರೆ ಕಾಯಿಲೆ ಬರಿಸಿದ ಇಲಿಗಳಿಗೆ ತುವಾಲಂಗ್ ಜೇನು ಕೊಟ್ಟರು. ಮೆಟ್‌ಫಾರ್ಮಿನ್ ಅಥವಾ ಗ್ಲಿಬೆಂಕ್ಲಮೈಡ್ ಎಂಬ ಶುಗರ್ ಮಾತ್ರೆಯ ಜೊತೆ ಜೇನೂ ಸೇರಿದಾಗ, ಬರೀ ಮಾತ್ರೆಗಿಂತ ಉತ್ತಮ ಫಲ ಬಂತು. ಆ ತುವಾಲಂಗ್ ಜೇನು ಯಾರದ್ದು ಗೊತ್ತಾ? ಎತ್ತರದ ಕಾಡುಮರಗಳಲ್ಲಿ ಕಟ್ಟುವ ಹೆಜ್ಜೇನಿನದು. ನಮ್ಮ ಆಗುಂಬೆ ಕಾಡಿನ ಹೆಜ್ಜೇನಿನ ಜಾತಿಯೇ.

ಇಷ್ಟು ಹೇಳಿ ನಿಲ್ಲಿಸಿದರೆ ಲೇಬಲ್ ಪ್ರಿಂಟಿಗೆ ಕಳಿಸಬಹುದು. ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಮನುಷ್ಯರ ಮೇಲೆ ಏನಾಯಿತು ಅಂತ ರಾತ್ರಿ ಬರೆಯುತ್ತೇನೆ.

ಕಾನುಮನೆ, ಹೊಸನಗರ

ಮೇಷ್ಟ್ರೇ, ಇದನ್ನು ತಿಳಿಯಲು ನಮಗೆ ಇಲಿ ಬೇಕಿರಲಿಲ್ಲ. ಚರಕ, ಸುಶ್ರುತರು ಪ್ರಮೇಹದ (ಸಕ್ಕರೆ ಕಾಯಿಲೆಯೂ ಅದರಲ್ಲಿ ಸೇರುತ್ತದೆ) ಔಷಧಗಳನ್ನು ಜೇನಿನ ಜೊತೆ ಕೊಡಿ ಅಂತ ಹೇಳಿದ್ದಾರೆ. ಸುಶ್ರುತರು ಜೇನಿನಲ್ಲಿ ಎಂಟು ಬಗೆ ಎಣಿಸಿದ್ದಾರೆ. ಹಳೆಯ ಜೇನು ಮೈಯ ಕೊಬ್ಬು ಕೆರೆಯುತ್ತದೆ ಅನ್ನುವ ಮಾತೂ ಇದೆ. ನಮ್ಮ ಹಿರಿಯರು ಅಂಟುವಾಳದ ಹೂವಿನ ಕಾಲದ ತುಪ್ಪವನ್ನು ಬೇರೆಯೇ ತೆಗೆದಿಡುತ್ತಿದ್ದರು. ಕಪ್ಪು, ಸ್ವಲ್ಪ ಕಹಿ. ಮದ್ದಿಗೆ ಅದೇ ಬೇಕು ಅನ್ನುತ್ತಿದ್ದರು. ನೀವು ಕಪ್ಪಾದಷ್ಟೂ ಸತ್ವ ಜಾಸ್ತಿ ಅಂದಿರಿ. ಅದು ಅವರಿಗೆ ಗೊತ್ತಿತ್ತು ಅಲ್ವಾ?

ಜೇನುತುಪ್ಪವನ್ನು ಅಂಗಡಿ ಸಕ್ಕರೆಯ ಸಾಲಿಗೆ ತಂದು ನಿಲ್ಲಿಸಬೇಡಿ. ಅದಷ್ಟೇ ನನ್ನ ಕೋರಿಕೆ.

ಸಾಗರದ ಸೊಸೆ

ಕಾನುಮನೆಯವರೇ, ನಿಮ್ಮ ಮಾತಿಗೆ ಗೌರವ ಇದೆ. ಆದರೆ ದಿನಾ ಗ್ಲುಕೋಮೀಟರ್ ಹಿಡಿಯುವವಳು ನಾನು. ಅತ್ತೆಗೆ ಬಹಳ ವರ್ಷಗಳಿಂದ ಶುಗರ್. ಯಾರೋ "ನೇರಳೆ ಹೂವಿನ ಜೇನು ಶುಗರ್‌ಗೆ ರಾಮಬಾಣ" ಅಂತ ಹೇಳಿ ದೊಡ್ಡ ಬಾಟಲಿ ಕೊಟ್ಟು ಹೋದರು. ಅತ್ತೆ ಬೆಳಿಗ್ಗೆ ಬಿಸಿನೀರಿಗೆ ಹಾಕಿಕೊಂಡರು. ದೋಸೆಗೂ ಹಾಕಿಕೊಂಡರು. ಮದ್ದು ಅಂದುಕೊಂಡ ಮೇಲೆ ಅಳತೆ ಯಾರು ನೋಡುತ್ತಾರೆ? ಊಟದ ನಂತರದ ಸಕ್ಕರೆ ಏರುತ್ತಾ ಹೋಯಿತು. ಬಾಟಲಿ ಒಳಗಿಟ್ಟ ಮೇಲೆ ಇಳಿಯಿತು.

ಅವರು ಸಕ್ಕರೆ ತಿನ್ನಿ ಅಂದರೆ ಮುಟ್ಟುತ್ತಿರಲಿಲ್ಲ. ಜೇನು ಅಂದದ್ದಕ್ಕೆ ತಿಂದರು. ಈ ಲೇಬಲ್ ವಿಷಯದಲ್ಲಿ ನನಗೆ ಇರುವ ಭಯ ಅದೇ. ನೇರಳೆ ಬೀಜದ ಪುಡಿಯ ಬಗ್ಗೆ ಹೇಳುವುದನ್ನೆಲ್ಲ ನೇರಳೆ ಹೂವಿನ ಜೇನಿಗೂ ಹೇಳಬಹುದಾ? ತುಂಗಾತೀರ ಅವರು ಇದಕ್ಕೂ ಉತ್ತರ ಕೊಡಲಿ.

ತುಂಗಾತೀರ, ಶಿವಮೊಗ್ಗ

ಸಾಗರದವರ ಪ್ರಶ್ನೆಗೆ ಮೊದಲು. ಹೇಳಲಾಗದು. ಬೀಜ ಬೇರೆ, ಮಕರಂದ ಬೇರೆ. ಒಂದು ಮರದ ಬೀಜದಲ್ಲೋ ತೊಗಟೆಯಲ್ಲೋ ಇರುವುದು ಅದರ ಹೂವಿನ ಮಕರಂದಕ್ಕೆ ಇಳಿದೇ ಇಳಿಯುತ್ತದೆ ಅನ್ನುವಂತಿಲ್ಲ. ಶುಗರ್‌ಗೆ ಒಳ್ಳೆಯದು ಅಂತ ಹೊನ್ನೆ ಮರದ ಲೋಟದಲ್ಲಿ ನೀರಿಟ್ಟು ಕುಡಿಯುತ್ತಾರೆ. ಅದನ್ನು ನೋಡಿ ಹೊನ್ನೆ ಹೂವಿನ ಜೇನೂ ಶುಗರ್ ಇಳಿಸುತ್ತದೆ ಅಂದರೆ ಅದೂ ಹೀಗೆಯೇ ಹಾರಿದ ಮಾತಾಗುತ್ತದೆ. ಯಾವ ಹೂವಿನದಾದರೂ ಜೇನಿನ ಬಹುಪಾಲು ಸಕ್ಕರೆಯೇ. ಸುಮಾರು ಶೇ 38 ಫ್ರಕ್ಟೋಸ್, ಶೇ 31 ಗ್ಲುಕೋಸ್, ಇನ್ನುಳಿದ ಕೆಲವು ಸಕ್ಕರೆಗಳು, ಶೇ 17ರಿಂದ 20ರಷ್ಟು ನೀರು. ಪಾಲಿಫಿನಾಲ್ ಎಲ್ಲ ಸೇರಿದರೂ 100 ಗ್ರಾಂ ಜೇನಿನಲ್ಲಿ ಹತ್ತಾರು ಮಿಲಿಗ್ರಾಂ. ಕಪ್ಪು ಜೇನಾದರೆ ನೂರು ದಾಟಬಹುದು.

ಒಂದು ಟೀ ಚಮಚ ಲೆಕ್ಕ ಹಾಕೋಣ. 7 ಗ್ರಾಂ ಜೇನು. ಅದರಲ್ಲಿ ಹತ್ತಿರ ಹತ್ತಿರ 6 ಗ್ರಾಂ ಸಕ್ಕರೆ. ಪಾಲಿಫಿನಾಲ್ ಕೆಲವೇ ಮಿಲಿಗ್ರಾಂ. ಅದರೊಳಗೆ ಕ್ರೈಸಿನ್ ಒಂದನ್ನೇ ಹುಡುಕಿದರೆ ಇನ್ನೂ ಕಡಿಮೆ. ಒಂದು ಕೆಜಿ ಜೇನಿನಲ್ಲೇ ಕ್ರೈಸಿನ್ ಸಾಮಾನ್ಯವಾಗಿ ಕೆಲವು ಮಿಲಿಗ್ರಾಂ ಇರುತ್ತದೆ ಅಷ್ಟೇ.

ತಿಂದದ್ದೆಲ್ಲ ರಕ್ತಕ್ಕೆ ಸೇರುತ್ತದಾ? ಅದೂ ಇಲ್ಲ. 2001ರಲ್ಲಿ ಆರೋಗ್ಯವಂತರಿಗೆ 400 ಮಿಲಿಗ್ರಾಂ ಶುದ್ಧ ಕ್ರೈಸಿನ್ ಕೊಟ್ಟು ನೋಡಿದರು. ರಕ್ತಕ್ಕೆ ತಲುಪಿದ್ದು ಶೇ 1ಕ್ಕಿಂತ ಕಡಿಮೆ ಎಂದು ಅಂದಾಜಾಯಿತು. ಕರುಳು ಮತ್ತು ಲಿವರ್ ಅದನ್ನು ಕೂಡಲೇ ಬೇರೆ ರೂಪಕ್ಕೆ ತಿರುಗಿಸಿ ಹೊರಗೆ ಕಳಿಸುತ್ತವೆ. ತಟ್ಟೆಯಲ್ಲಿದ್ದ ಕೋಶಕ್ಕೆ ಕ್ರೈಸಿನ್ ನೇರವಾಗಿ ಸಿಕ್ಕಿತ್ತು. ನಮ್ಮ ಹೊಟ್ಟೆಯ ಕೊಬ್ಬಿನಲ್ಲಿ ಕೂತ ಮ್ಯಾಕ್ರೋಫೇಜ್‌ಗೆ ಅಷ್ಟು ಸಿಗುವುದಿಲ್ಲ. ತಟ್ಟೆಯ ಫಲಿತಾಂಶಕ್ಕೂ ಬಾಟಲಿಯ ಲೇಬಲ್‌ಗೂ ನಡುವೆ ಇರುವ ಅಂತರ ಇದೇ.

ಈಗ ಮನುಷ್ಯರ ಮೇಲಿನ ಪ್ರಯೋಗಗಳು. ಇರಾನಿನಲ್ಲಿ 48 ಸಕ್ಕರೆ ಕಾಯಿಲೆಯವರನ್ನು ತೆಗೆದುಕೊಂಡು 8 ವಾರ ನಡೆಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಜೇನು ತಿಂದವರ ತೂಕ ಇಳಿಯಿತು, ಕೊಲೆಸ್ಟ್ರಾಲ್ ಸುಧಾರಿಸಿತು. ಆದರೆ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಅಂಕಿ, ಏರಿತು. 2019ರಲ್ಲಿ ಅದೇ ದೇಶದಿಂದ ಇನ್ನೊಂದು ಅಧ್ಯಯನ ಬಂತು. ದಿನಕ್ಕೆ 50 ಗ್ರಾಂ ಜೇನು, 8 ವಾರ. ಅಲ್ಲೂ ಎಚ್‌ಬಿಎ1ಸಿ ಏರಿತು. ಅಮೆರಿಕದಲ್ಲಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 55 ಜನರಿಗೆ ಜೇನು, ಸಕ್ಕರೆ, ಜೋಳದ ಸಿರಪ್ ಮೂರನ್ನೂ ಬೇರೆ ಬೇರೆ ಅವಧಿಯಲ್ಲಿ ಎರಡೆರಡು ವಾರ ಕೊಟ್ಟರು. ಅವರಲ್ಲಿ ಅರ್ಧದಷ್ಟು ಜನ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರು. ಮೂರರ ಫಲವೂ ಒಂದೇ ತರಹ. ಉರಿಯೂತದ ಗುರುತಾದ ಸಿಆರ್‌ಪಿಯಲ್ಲೂ ಜೇನಿಗೆ ಮೇಲುಗೈ ಸಿಗಲಿಲ್ಲ.

ಜೇನಿನ ಪರವಾಗಿ ಇರುವುದನ್ನೂ ಹೇಳಬೇಕು. ಟೊರೊಂಟೊ ವಿಶ್ವವಿದ್ಯಾಲಯದವರು 18 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿ 2022ರಲ್ಲಿ ಪ್ರಕಟಿಸಿದರು. ಎಲ್ಲ ಸೇರಿ 1,100ಕ್ಕೂ ಹೆಚ್ಚು ಜನ. ಖಾಲಿ ಹೊಟ್ಟೆಯ ಸಕ್ಕರೆ ಮತ್ತು ಕೆಟ್ಟ ಕೊಲೆಸ್ಟ್ರಾಲ್ ಸ್ವಲ್ಪ ಇಳಿದಿದ್ದವು. ಬಿಸಿ ಮಾಡದ ಹಸಿ ಜೇನು, ಒಂದೇ ಹೂವಿನ ಕೆಲವು ಜೇನು ಚೆನ್ನಾಗಿ ಕೆಲಸ ಮಾಡಿದಂತೆ ಕಂಡವು. ಆದರೆ ಅವರಲ್ಲಿ ಹೆಚ್ಚಿನವರು ಆರೋಗ್ಯವಂತರು. ಒಟ್ಟಾರೆ ಊಟದಲ್ಲೂ ಸಕ್ಕರೆ ಮಿತಿಯಲ್ಲಿತ್ತು. ಆ ಫಲಿತಾಂಶವನ್ನು ತಂದು, ಮಾತ್ರೆ ನುಂಗುತ್ತಿರುವ ಗುಡ್ಡೇತೋಟದವರ ತಂದೆಗೆ ಹೊಂದಿಸಲು ಬರುವುದಿಲ್ಲ.

ಹಿಂದೆ ಹೇಳಿದ್ದು ಈಗ ನೋಡಿ. ರಕ್ತದ ಸಕ್ಕರೆ ಏರಿದ್ದರೆ ಅದೇ ಉರಿಯೂತ ಎಬ್ಬಿಸುತ್ತದೆ. ಉರಿಯೂತ ತಗ್ಗಿಸಲು ಅಂತ ಜೇನು ಜಾಸ್ತಿ ತಿಂದು ಸಕ್ಕರೆ ಏರಿಸಿಕೊಂಡರೆ ಏನು ಸಿಕ್ಕಿತು?

ಗುಡ್ಡೇತೋಟ, ತೀರ್ಥಹಳ್ಳಿ ಕಡೆ

ಒಂದು ಅನುಮಾನ. ಉರಿಯೂತವನ್ನು ಮಾತ್ರ ಗಟ್ಟಿಯಾಗಿ ತಗ್ಗಿಸುವ ಔಷಧ ಕೊಟ್ಟರೆ ಶುಗರ್ ಹೋಗಬೇಕಲ್ಲ? ಅಂಥ ಪ್ರಯೋಗ ಯಾರಾದರೂ ಮಾಡಿದ್ದಾರಾ?

ತುಂಗಾತೀರ, ಶಿವಮೊಗ್ಗ

ಮಾಡಿದ್ದಾರೆ. ಕ್ಯಾಂಟೋಸ್ ಅಂತ ಒಂದು ದೊಡ್ಡ ಪ್ರಯೋಗ. ಹತ್ತು ಸಾವಿರಕ್ಕೂ ಹೆಚ್ಚು ಹೃದಯ ರೋಗಿಗಳಿಗೆ ಇಂಟರ್‌ಲ್ಯೂಕಿನ್ 1 ಬೀಟಾವನ್ನು ತಡೆಯುವ ಕೆನಕಿನುಮ್ಯಾಬ್ ಎಂಬ ಇಂಜೆಕ್ಷನ್ ಕೊಟ್ಟರು. 2017ರಲ್ಲಿ ಫಲಿತಾಂಶ ಬಂತು. ಸಿಆರ್‌ಪಿ ಚೆನ್ನಾಗಿ ಇಳಿಯಿತು, ಹೃದಯಾಘಾತವೂ ಕಡಿಮೆಯಾಯಿತು. ಆದರೆ ಹೊಸದಾಗಿ ಸಕ್ಕರೆ ಕಾಯಿಲೆ ಬರುವುದು ಕಡಿಮೆಯಾಗಲಿಲ್ಲ. ಇನ್ನೊಂದು ಕಡೆ ಸಾಲ್ಸಲೇಟ್ ಎಂಬ, ನೋವು ಮತ್ತು ಉರಿಯೂತ ತಗ್ಗಿಸುವ ಹಳೆಯ ಮಾತ್ರೆ ಇದೆ. ಅದನ್ನು ಸುಮಾರು ಒಂದು ವರ್ಷ ಕೊಟ್ಟಾಗ ಎಚ್‌ಬಿಎ1ಸಿ 0.37 ಶೇಕಡಾ ಅಂಶದಷ್ಟು ಇಳಿಯಿತು. 2013ರ ಅಧ್ಯಯನ ಅದು.

ಅಂದರೆ ಉರಿಯೂತಕ್ಕೆ ಈ ಕಾಯಿಲೆಯಲ್ಲಿ ಪಾಲಿದೆ, ಆದರೆ ಅದೊಂದೇ ಕಾರಣ ಅಲ್ಲ. ಇನ್ಸುಲಿನ್ ಮಾಡುವ ಬೀಟಾ ಕೋಶಗಳು ಸೋಲುವುದು, ಕೊಬ್ಬು, ಅನುವಂಶಿಕತೆ, ಓಡಾಟ ಇಲ್ಲದಿರುವುದು ಎಲ್ಲ ಇವೆ. ನೇರವಾಗಿ ಉರಿಯೂತವನ್ನೇ ಗುರಿ ಮಾಡಿ ಕೊಟ್ಟ ಇಂಜೆಕ್ಷನ್‌ನಿಂದ ಆಗದ್ದನ್ನು ಒಂದು ಚಮಚ ಜೇನಿನಿಂದ ಕೇಳುವುದು ಜೇನಿಗೇ ಭಾರ.

ರಾತ್ರಿಪಾಳಿ

ನಾನು ನರ್ಸ್. ಇಲ್ಲಿ ಯಾರೂ ಗಾಯದ ವಿಷಯ ಎತ್ತಿಲ್ಲ. ನನಗೆ ಜೇನಿನ ಬಗ್ಗೆ ದೊಡ್ಡ ನಂಬಿಕೆ ಇರುವುದು ಅಲ್ಲೇ.

ಜೇನು ಗಾಯದ ಮೇಲೆ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಚೆನ್ನಾಗಿ ಗೊತ್ತಿರುವ ವಿಷಯ. ಅದರಲ್ಲಿ ನೀರು ಬಹಳ ಕಡಿಮೆ, ಹಾಗಾಗಿ ಬ್ಯಾಕ್ಟೀರಿಯಾದ ನೀರನ್ನು ಎಳೆದುಬಿಡುತ್ತದೆ. ಹುಳಿ ಗುಣ ಇದೆ, ಪಿಎಚ್ ಸುಮಾರು 3.5ರಿಂದ 4.5. ಜೇನುಹುಳು ಸೇರಿಸುವ ಗ್ಲುಕೋಸ್ ಆಕ್ಸಿಡೇಸ್ ಎಂಬ ಕಿಣ್ವ, ಜೇನು ಗಾಯದ ನೀರಿನಲ್ಲಿ ತೆಳುವಾದಾಗ ನಿಧಾನವಾಗಿ ಹೈಡ್ರೋಜನ್ ಪೆರಾಕ್ಸೈಡ್ ಬಿಡುಗಡೆ ಮಾಡುತ್ತದೆ. ಆ ಪಾಲಿಫಿನಾಲ್‌ಗಳು ಇಲ್ಲಿ ಕರುಳು, ಲಿವರ್ ದಾಟಬೇಕಿಲ್ಲ. ನೇರ ಗಾಯಕ್ಕೇ ಸಿಗುತ್ತವೆ. ನ್ಯೂಜಿಲೆಂಡಿನ ಮನುಕ ಜೇನಿನಲ್ಲಿ ಇದರ ಜೊತೆ ಮೀಥೈಲ್‌ಗ್ಲೈಆಕ್ಸಲ್ ಕೂಡ ಇದೆ. ಶುಗರ್ ಇರುವವರ ಕಾಲಿನ ಹುಣ್ಣಿಗೂ ಜೇನಿನ ಡ್ರೆಸ್ಸಿಂಗ್ ಬಳಸಿ ನೋಡಿದ್ದಾರೆ.

ಆದರೆ ಅಲ್ಲಿ ಬಳಸುವುದು ಗಾಮಾ ಕಿರಣ ಹಾಯಿಸಿ ಶುದ್ಧ ಮಾಡಿದ ಜೇನು. ಅಡುಗೆ ಮನೆಯ ಬಾಟಲಿ ಅಲ್ಲ. ಹಸಿ ಜೇನಿನಲ್ಲಿ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ಅದಕ್ಕೇ ಒಂದು ವರ್ಷದೊಳಗಿನ ಮಗುವಿಗೆ ಜೇನು ನೆಕ್ಕಿಸಬಾರದು. ಮಗು ಹುಟ್ಟಿದ ಮನೆಯಲ್ಲಿ ಹಿರಿಯರಿಗೆ ಇದನ್ನು ಹೇಳುವುದು ಕಷ್ಟ, ಆದರೂ ಹೇಳಲೇಬೇಕು. ಅಡಿಕೆ ತೋಟದಲ್ಲಿ ಬರಿಗಾಲಲ್ಲಿ ಓಡಾಡಿ ಕಾಲಿಗೆ ಗಾಯ ಮಾಡಿಕೊಂಡು, ಮನೆಯಲ್ಲೇ ಜೇನು ಸವರಿ ವಾರಗಟ್ಟಲೆ ಕಟ್ಟಿಕೊಂಡು ಬರುವವರನ್ನು ನೋಡಿದ್ದೇನೆ. ಶುಗರ್ ಇದ್ದರೆ ಕಾಲಿನ ಸ್ಪರ್ಶ ಕಡಿಮೆ, ನೋವು ಗೊತ್ತಾಗುವುದಿಲ್ಲ. ಅಷ್ಟರಲ್ಲಿ ಕೀವು ಮೂಳೆಗೆ ಇಳಿದಿರುತ್ತದೆ. ಅಂಥವರ ಬೆರಳು ಉಳಿಸಲು ಡಾಕ್ಟರ್ ಎಷ್ಟು ಒದ್ದಾಡುತ್ತಾರೆ ಅಂತ ಹತ್ತಿರದಿಂದ ಕಂಡವಳು ನಾನು. ದಯವಿಟ್ಟು ಕಾಲಿನ ಗಾಯವನ್ನು ಮೊದಲು ತೋರಿಸಿ.

ಇನ್ನೊಂದು ಉಪಯೋಗ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ತಪ್ಪಿಸಿ, ಸಕ್ಕರೆ 70ಕ್ಕಿಂತ ಕೆಳಗೆ ಬಿದ್ದು ಬೆವರು, ನಡುಕ ಬಂದಾಗ ಜೇನು ಬಹಳ ಒಳ್ಳೆಯದು. ಒಂದು ಟೇಬಲ್ ಚಮಚ ಜೇನಿನಲ್ಲಿ ಸುಮಾರು 17 ಗ್ರಾಂ ಸಕ್ಕರೆ ಇದೆ. ಕೊಟ್ಟು 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಮಾಡಿ. ಎಚ್ಚರ ತಪ್ಪಿದ್ದರೆ ಮಾತ್ರ ಬಾಯಿಗೆ ಏನೂ ಹಾಕಬೇಡಿ, ಆಂಬುಲೆನ್ಸ್‌ಗೆ 108ಕ್ಕೆ ಫೋನ್ ಮಾಡಿ. ಶುಗರ್ ಇರುವವರ ಮನೆಯಲ್ಲಿ ಜೇನು ಇರಲಿ ಅಂತ ನಾನು ಹೇಳುವುದು ಈ ಕಾರಣಕ್ಕೆ.

ಸಾಗರದ ಸೊಸೆ

ಈ 15 ನಿಮಿಷದ ವಿಷಯ ಬರೆದದ್ದಕ್ಕೆ ಥ್ಯಾಂಕ್ಸ್. ಫ್ರಿಜ್ ಮೇಲೆ ಬರೆದು ಅಂಟಿಸುತ್ತೇನೆ.

ಮಿಸ್ರಿ ಗೂಡು, ಸೊರಬ

ಎಲ್ಲರೂ ತುಡುವೆ, ಹೆಜ್ಜೇನು ಅನ್ನುತ್ತಿದ್ದೀರಿ. ಮಿಸ್ರಿ ಜೇನನ್ನು ಮರೆಯಬೇಡಿ. ಕರಾವಳಿಯವರು ಮುಜಂಟಿ ಅನ್ನುತ್ತಾರೆ. ಚುಚ್ಚದ ಸಣ್ಣ ಹುಳು, ಗೋಡೆ ಸಂದಿಯಲ್ಲಿ, ಮರದ ಪೊಟರೆಯಲ್ಲಿ ಇರುತ್ತದೆ. ತುಪ್ಪ ಸ್ವಲ್ಪವೇ, ಹುಳಿ, ಬೆಲೆ ಜಾಸ್ತಿ.

2020ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು ಚುಚ್ಚದ ಜೇನುಹುಳುಗಳ ಜೇನಿನಲ್ಲಿ ಟ್ರೆಹಲುಲೋಸ್ ಎಂಬ ಅಪರೂಪದ ಸಕ್ಕರೆ ದೊಡ್ಡ ಪ್ರಮಾಣದಲ್ಲಿ ಇರುವುದನ್ನು ಕಂಡರು. 100 ಗ್ರಾಂನಲ್ಲಿ 13ರಿಂದ 44 ಗ್ರಾಂ ತನಕ. ಈ ಸಕ್ಕರೆ ಕರುಳಿನಲ್ಲಿ ನಿಧಾನವಾಗಿ ಒಡೆಯುತ್ತದೆ, ರಕ್ತದ ಸಕ್ಕರೆ ಗಬಕ್ಕನೆ ಏರುವುದಿಲ್ಲ. ಹಲ್ಲಿಗೂ ತೊಂದರೆ ಇಲ್ಲ. ಅವರು ನೋಡಿದ್ದು ಆಸ್ಟ್ರೇಲಿಯಾ, ಮಲೇಷ್ಯಾ, ಬ್ರೆಜಿಲ್‌ನ ಜಾತಿಗಳ ಜೇನು. ನಮ್ಮ ಮಿಸ್ರಿ ಅದೇ ಬಳಗದ್ದು. ನಮ್ಮ ಊರಿನ ಮಾದರಿಯನ್ನು ಒಳ್ಳೆಯ ಲ್ಯಾಬಿನಲ್ಲಿ ನೋಡಿಸಬೇಕು ಅನ್ನುವುದು ನನ್ನ ದೊಡ್ಡ ಆಸೆ. ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯ ನಮಗೆ ಹತ್ತಿರವೇ ಇದೆ, ಕೇಳಿ ನೋಡಬಹುದು.

ಇನ್ನೊಂದು ಮಾತು, ಪ್ರೋಪೊಲಿಸ್ ಬಗ್ಗೆ. ಹುಳು ಮರದ ಅಂಟು ತಂದು ಗೂಡಿನ ಸಂದಿಗೆ ಮೆತ್ತುತ್ತದಲ್ಲ, ಅದು. ಕ್ರೈಸಿನ್, ಪಿನೊಸೆಂಬ್ರಿನ್ ಇರುವ ಮುಖ್ಯ ಜಾಗ ಅದೇ, ಜೇನಿಗೆ ಬರುವುದು ಅದರ ಸ್ವಲ್ಪ ಪಾಲು. ಶುಗರ್ ಇರುವವರಿಗೆ ಪ್ರೋಪೊಲಿಸ್ ಮಾತ್ರೆ ಕೊಟ್ಟ ಕೆಲವು ಪ್ರಯೋಗಗಳಲ್ಲಿ ಎಚ್‌ಬಿಎ1ಸಿ ಮತ್ತು ಉರಿಯೂತದ ಗುರುತುಗಳು ಇಳಿದಿವೆ. ಅದರಲ್ಲಿ ಸಕ್ಕರೆ ಇಲ್ಲವಲ್ಲ! ತುಡುವೆ ಪ್ರೋಪೊಲಿಸ್ ಕೂಡಿಡುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮಿಸ್ರಿ ಗೂಡಿನಲ್ಲಿ ಮಾತ್ರ ಎಲ್ಲಿ ನೋಡಿದರೂ ಅಂಟೇ.

ತುಂಗಾತೀರ, ಶಿವಮೊಗ್ಗ

ಪ್ರೋಪೊಲಿಸ್ ಮಾತು ಸರಿ. ಈ ಸಂಶೋಧನೆ ಮುಂದೆ ಹೋಗಬೇಕಾದ ದಾರಿಯೂ ಅದೇ ಅಂತ ನನಗೆ ಅನ್ನಿಸುತ್ತದೆ. ಸಕ್ಕರೆಯಿಂದ ಸತ್ವವನ್ನು ಬೇರೆ ಮಾಡಿ, ಅಳತೆ ಗೊತ್ತುಮಾಡಿ ಕೊಡುವುದು. ಆದರೆ ಯಾವ ಮರದ ಅಂಟು ಅನ್ನುವುದರ ಮೇಲೆ ಅದರ ರಸಾಯನ ಪೂರ್ತಿ ಬದಲಾಗುತ್ತದೆ. ಪ್ರಯೋಗದಲ್ಲಿ ಕೊಟ್ಟ ಪ್ರೋಪೊಲಿಸ್ ಬೇರೆ, ಸೊರಬದ ಮಿಸ್ರಿ ಅಂಟು ಬೇರೆ. ಕೆಲವರಿಗೆ ಅಲರ್ಜಿಯೂ ಆಗುತ್ತದೆ. ಈಗಲೇ ಗೂಡಿನ ಅಂಟು ಕೆರೆದು ನುಂಗಲು ಹೋಗಬೇಡಿ.

ಕಾನುಮನೆ, ಹೊಸನಗರ

ನೀವು ಹೇಳಿದ್ದನ್ನೆಲ್ಲ ಓದಿದೆ. ಪ್ರಯೋಗದಲ್ಲಿ ಕೊಟ್ಟ ಜೇನು ಎಂಥದ್ದು ಅನ್ನುವುದು ನನಗೆ ಮುಖ್ಯ. ಪೇಟೆಯಲ್ಲಿ ಸಿಗುವುದು ಬಹಳಷ್ಟು ಬಿಸಿ ಮಾಡಿದ್ದು. ಬಿಸಿ ಮಾಡಿದರೆ ಆ ಪೆರಾಕ್ಸೈಡ್ ಮಾಡುವ ಕಿಣ್ವ ಸಾಯುತ್ತದೆ. ಸಕ್ಕರೆ ಬಿಸಿಯಾದಾಗ ಹುಟ್ಟುವ ಎಚ್‌ಎಂಎಫ್ ಎಂಬ ವಸ್ತು ಏರುತ್ತದೆ. ಅದಕ್ಕೆ ಒಂದು ಕೆಜಿಗೆ 80 ಮಿಲಿಗ್ರಾಂ ಮಿತಿ ಇದೆ. ಕಲಬೆರಕೆಯ ಕಥೆಯಂತೂ ಗೊತ್ತೇ ಇದೆ. 2020ರ ಡಿಸೆಂಬರ್‌ನಲ್ಲಿ ದೆಹಲಿಯ ಸಿಎಸ್‌ಇ ಎಂಬ ಪರಿಸರ ಸಂಸ್ಥೆ ಜೇನಿನ 22 ಮಾದರಿ ಪರೀಕ್ಷೆ ಮಾಡಿಸಿತು. ಎಲ್ಲ ಪರೀಕ್ಷೆಯಲ್ಲೂ ಪಾಸಾದದ್ದು ಐದೇ. ಬೆರೆಸಿದ ಸಕ್ಕರೆ ಸಿರಪ್‌ನಲ್ಲಿ ಯಾವ ಹೂವಿನ ಸತ್ವ ಇರುತ್ತದೆ?

ನಮ್ಮವರೂ ಒಂದು ವಿಷಯದಲ್ಲಿ ಎಚ್ಚರ ಇಡಬೇಕು. ಮಳೆಗಾಲದಲ್ಲಿ ಹೂವಿಲ್ಲದೆ ಜೇನು ಕುಟುಂಬ ಸೊರಗುತ್ತದೆ ಅಂತ ಸಕ್ಕರೆ ಪಾಕ ಕೊಡುತ್ತೇವೆ. ಕೊಡಲೇಬೇಕು, ಇಲ್ಲದಿದ್ದರೆ ಹುಳು ಉಳಿಯುವುದಿಲ್ಲ. ಆದರೆ ಆ ಪಾಕದ ಎರಿಯನ್ನು (ಹುಳು ಜೇನು ತುಂಬುವ ಮೇಣದ ತಟ್ಟೆ) ತುಪ್ಪ ತೆಗೆಯಲು ಬಳಸಬಾರದು. ಜೇನು ಮುಚ್ಚಳ ಹಾಕದ ಎರಿಯನ್ನು ಅವಸರದಿಂದ ತೆಗೆಯಬಾರದು. ಹಾಗೆ ತೆಗೆದರೆ ನೀರಿನಂಶ ಜಾಸ್ತಿ, ಹುಳಿ ಬರುತ್ತದೆ. ತುಡುವೆ ತುಪ್ಪಕ್ಕೆ ಮೊದಲೇ ನೀರಿನಂಶ ಜಾಸ್ತಿ.

1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ಪೆಟ್ಟಿಗೆ ಪೆಟ್ಟಿಗೆಯೇ ಖಾಲಿಯಾದದ್ದು ನೋಡಿದವನು ನಾನು. ಮರಿ ಹುಳುಗಳು ನೀರು ತುಂಬಿದ ಚೀಲದಂತೆ ಎರಿಯಲ್ಲೇ ಸತ್ತು ಬಿದ್ದಿರುತ್ತಿದ್ದವು. ಎಷ್ಟೋ ಜನ ಆಗ ಬಿಟ್ಟವರು ಮತ್ತೆ ಸಾಕಲಿಲ್ಲ. ಹಾಗೆ ಉಳಿಸಿಕೊಂಡು ಬಂದ ಜೇನು ಇದು. ಅದು ಬರೀ ಸಕ್ಕರೆ ಅನ್ನಿಸಿಕೊಂಡರೆ ಮನಸ್ಸಿಗೆ ನೋವಾಗುತ್ತದೆ. ಮದ್ದು ಅಂತ ಬರೆಯಬೇಡಿ ಅನ್ನುವುದನ್ನು ಒಪ್ಪುತ್ತೇನೆ. ಆದರೆ ಏನಾದರೂ ಗೌರವದ ಮಾತು ಇರಲಿ.

ತುಂಗಾತೀರ, ಶಿವಮೊಗ್ಗ

ಕಾನುಮನೆಯವರೇ, ಜೇನನ್ನು ಬರೀ ಸಕ್ಕರೆ ಅಂತ ನಾನೂ ಒಪ್ಪುವುದಿಲ್ಲ. ಅದರ ಪರಿಮಳ, ಬಣ್ಣ, ಕಹಿ, ಹೂವಿನ ಗುರುತು ಎಲ್ಲ ಆ ಸಣ್ಣ ಪಾಲಿನಿಂದಲೇ ಬಂದದ್ದು. ಆದರೆ ದೇಹಕ್ಕೆ ಪಾಲಿಫಿನಾಲ್ ಬೇಕು ಅನ್ನುವುದೇ ಆದರೆ ಮಲೆನಾಡಿನಲ್ಲಿ ಅದಕ್ಕೆ ಬರ ಇಲ್ಲ. ಒಂದು ಲೋಟ ಕಾಫಿಯಲ್ಲಿ ಕ್ಲೋರೋಜೆನಿಕ್ ಆಮ್ಲಗಳು ಸಾಮಾನ್ಯವಾಗಿ 70ರಿಂದ 350 ಮಿಲಿಗ್ರಾಂ ಇರುತ್ತವೆ. ಚಮಚ ಜೇನಿನಲ್ಲಿರುವ ಕೆಲವು ಮಿಲಿಗ್ರಾಂ ಜೊತೆ ಹೋಲಿಸಿ ನೋಡಿ. ಸಕ್ಕರೆ ಹಾಕದೆ, ಚಿಕೋರಿ ಕಡಿಮೆ ಇರುವ ಕಾಫಿ ಕುಡಿದರೆ ಸಾಕು. ನೆಲ್ಲಿಕಾಯಿ, ಸೊಪ್ಪು, ಒಂದೆಲಗದ ತಂಬುಳಿ ಇದ್ದೇ ಇವೆ. ಇವು ಜೇನಿನಂತೆ ರಕ್ತದ ಸಕ್ಕರೆ ಏರಿಸುವುದಿಲ್ಲ.

ಗುಡ್ಡೇತೋಟದವರೇ, ನಿಮ್ಮ ತಂದೆಯ ವಿಷಯ. ವಿಶ್ವ ಆರೋಗ್ಯ ಸಂಸ್ಥೆ 2015ರ ಸಲಹೆಯಲ್ಲಿ ಜೇನನ್ನೂ ಸಕ್ಕರೆಯ ಲೆಕ್ಕಕ್ಕೇ ಸೇರಿಸಿದೆ. ದಿನದ ಒಟ್ಟು ಶಕ್ತಿಯಲ್ಲಿ ಇವುಗಳ ಪಾಲು ಶೇ 10ರೊಳಗೆ ಇರಲಿ, ಶೇ 5ರೊಳಗೆ ಇದ್ದರೆ ಇನ್ನೂ ಒಳ್ಳೆಯದು ಅನ್ನುತ್ತದೆ. ಶೇ 5 ಅಂದರೆ ಸುಮಾರು 25 ಗ್ರಾಂ. ಅದು ಆರೋಗ್ಯವಂತರಿಗೂ ಹೇಳಿದ್ದು. ನಿಮ್ಮ ತಂದೆಗೆ ಜೇನು ಇಷ್ಟವಾದರೆ, ಸಕ್ಕರೆ ನಿಯಂತ್ರಣದಲ್ಲಿದ್ದರೆ, ಡಾಕ್ಟರ್ ಹತ್ತಿರ ಮಾತಾಡಿ ಬೇರೆ ಸಿಹಿಯ ಬದಲಿಗೆ ಒಂದು ಟೀ ಚಮಚ ಕೊಡಬಹುದು. ಬದಲಿಗೆ ಅನ್ನುವುದು ಮುಖ್ಯ. ಜೊತೆಗೆ ಅಲ್ಲ. ಮಾತ್ರೆ ಬಿಡಿಸಿ ಅಂತೂ ಅಲ್ಲ. ತಿಂದ ಎರಡು ಗಂಟೆಗೆ ಗ್ಲುಕೋಮೀಟರ್ ಹಿಡಿದರೆ ಅವರ ಮೈ ಏನು ಹೇಳುತ್ತದೆ ಅಂತ ಗೊತ್ತಾಗುತ್ತದೆ.

ಲೇಬಲ್‌ಗೆ ಕಾನೂನೂ ಇದೆ. ಆಹಾರ ಪದಾರ್ಥ ಇಂಥ ಕಾಯಿಲೆ ವಾಸಿ ಮಾಡುತ್ತದೆ ಅಂತ ಹೇಳುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 2018ರ ನಿಯಮ ಒಪ್ಪುವುದಿಲ್ಲ. 1954ರ ಮಾಯಾ ಔಷಧ ಜಾಹೀರಾತು ಕಾಯ್ದೆಯ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆಯ ಹೆಸರೇ ಇದೆ. ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಈ ಕಾಯಿಲೆ ಇದೆ ಅಂತ 2023ರಲ್ಲಿ ಬಂದ, ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ ಅಂದಾಜು ಮಾಡಿದೆ. ಅಷ್ಟು ಜನ ಓದುವ ಲೇಬಲ್ ಅದು.

ಗುಡ್ಡೇತೋಟ, ತೀರ್ಥಹಳ್ಳಿ ಕಡೆ

ಎಲ್ಲರಿಗೂ ವಂದನೆ. ಗುಂಪಿನವರಿಗೆ ಇಡೀ ಚರ್ಚೆ ಓದಿ ಹೇಳಿದೆ. ಕಾಯಿಲೆಯ ಮಾತು ಬೇಡ ಅಂತ ಎಲ್ಲರೂ ಒಪ್ಪಿದರು. ಲೇಬಲ್ ಕರಡು ಹೀಗಿದೆ:

"ಮಲೆನಾಡಿನ ತುಡುವೆ ಜೇನುತುಪ್ಪ. ಬಿಸಿ ಮಾಡಿಲ್ಲ. ಮಳೆಗಾಲದ ಪಾಕದ ಎರಿಯಿಂದ ತೆಗೆದದ್ದಲ್ಲ. ಹೂವಿನ ಕಾಲ, ತೆಗೆದ ತಿಂಗಳು, ಊರು ಕೆಳಗೆ ಬರೆದಿದೆ. ಒಂದು ಟೀ ಚಮಚದಲ್ಲಿ ಸುಮಾರು 6 ಗ್ರಾಂ ಸಕ್ಕರೆ ಇದೆ. ಸಕ್ಕರೆ ಕಾಯಿಲೆ ಇರುವವರು ಲೆಕ್ಕಕ್ಕೆ ಸೇರಿಸಿಕೊಳ್ಳಿ. ಒಂದು ವರ್ಷದೊಳಗಿನ ಮಕ್ಕಳಿಗೆ ಕೊಡಬೇಡಿ."

ರಾತ್ರಿಪಾಳಿ

ಮಕ್ಕಳ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿ.

ಕಾನುಮನೆ, ಹೊಸನಗರ

ಹೂವಿನ ಕಾಲ ಬರೆಯುತ್ತೀರಿ ಅಂದರೆ ನನಗೆ ಸಮಾಧಾನ. ಅಂಟುವಾಳದ್ದನ್ನು ಬೇರೆ ಹೂವಿನದರ ಜೊತೆ ಬೆರೆಸಬೇಡಿ, ಬೇರೆ ಬಾಟಲಿಗೇ ಹಾಕಿ. ನೀರಿನಂಶ ಶೇ 20 ದಾಟಬಾರದು ಅಂತ ನಿಯಮ ಇದೆ. ಯಾರ ಹತ್ತಿರವಾದರೂ ಅದನ್ನು ಅಳೆಯುವ ರಿಫ್ರಾಕ್ಟೋಮೀಟರ್ ಇದೆಯಾ? ಬಾಟಲಿಗೆ ತುಂಬುವ ಮೊದಲು ಪ್ರತಿಯೊಬ್ಬರ ತುಪ್ಪವನ್ನೂ ನೋಡಬೇಕು.

ಮಿಸ್ರಿ ಗೂಡು, ಸೊರಬ

ನನ್ನ ಹತ್ತಿರ ಇದೆ. ಮುಂದಿನ ವಾರ ತೀರ್ಥಹಳ್ಳಿಗೆ ಬರುವುದಿದೆ, ತರುತ್ತೇನೆ. ಇರುವಕ್ಕಿಗೆ ತೋರಿಸಲು ಮಿಸ್ರಿ ತುಪ್ಪದ ಮಾದರಿ ಯಾರ ಹತ್ತಿರ ಇದ್ದರೂ ಸ್ವಲ್ಪ ಎತ್ತಿಡಿ. ಗಾಜಿನ ಸಣ್ಣ ಶೀಶೆ ಆಗಲಿ, ಗೂಡಿದ್ದ ಜಾಗ ಮತ್ತು ತೆಗೆದ ದಿನ ಮೇಲೆ ಬರೆದಿರಲಿ.